ತಂತಿ ಮೇಲಿನ ಆಕಾಶವಾಣಿ

ಅಕ್ಕಿಹೆಬ್ಬಾಳಿನಂಥ ಊರಲ್ಲಿ ರೇಡಿಯೊ ಏರಿಯಲ್ ಮುರಿದರೆ ಅಂಗಡಿಗೆ ಓಡುವವರು ಕಮ್ಮಿ, ಅಟ್ಟ ಹತ್ತುವವರೇ ಹೆಚ್ಚು. ಹರಿದ ಛತ್ರಿಯ ಕಡ್ಡಿ, ಸೈಕಲ್ ಬ್ರೇಕಿನ ತಂತಿ, ಎಲ್ಲಕ್ಕೂ ಅಲ್ಲಿ ಪುನರ್ಜನ್ಮ. ಲೆಕ್ಕವೂ ಉಂಟು. ಮೈಸೂರು ಆಕಾಶವಾಣಿಯ 100.6 ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, 75 ಸೆಂಟಿಮೀಟರ್ ತಂತಿ ನೆಟ್ಟಗೆ ನಿಂತರೆ ಸಾಕು. ಬೆಂಗಳೂರಿನ 612 ಕಿಲೋಹರ್ಟ್ಸ್ ಮೀಡಿಯಂ ವೇವ್‌ಗೆ ಇದೇ ಲೆಕ್ಕ ಹಿಡಿದರೆ 122 ಮೀಟರ್! ನಮ್ಮ ಸೂರಿನಿಂದ ಹೊರಟ ತಂತಿ ಪಕ್ಕದವರ ಕೊಟ್ಟಿಗೆ, ತಿಪ್ಪೆ ಎಲ್ಲ ದಾಟಿ ಹೇಮಾವತಿಯ ಕಡೆ ನಡೆಯಬೇಕು. ಪುಣ್ಯಕ್ಕೆ ಟ್ರಾನ್ಸಿಸ್ಟರಿನ ಹೊಟ್ಟೆಯಲ್ಲೇ ಫೆರೈಟ್ ಕಡ್ಡಿ ಇದೆ; ಪೆಟ್ಟಿಗೆಯನ್ನೇ ಅತ್ತಿತ್ತ ತಿರುಗಿಸಿದರಾಯಿತು.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದವರು. ಏರಿಯಲ್ ಕಟ್ಟುವವರಿಗೆ ಅಷ್ಟು ಪರಂಪರೆ ಸಾಲದೆ? ಕಾಟವೆಲ್ಲ ಮನೆಯೊಳಗಿನದೇ. ಅಜ್ಜ ಬಟ್ಟೆ ಒಣಹಾಕುವ ತಂತಿಗೆ ರೇಡಿಯೊ ಸಿಕ್ಕಿಸಿ ಪ್ರದೇಶ ಸಮಾಚಾರಕ್ಕೆ ಕೂತರೆ, ಅಜ್ಜಿ ಅದರ ಮೇಲೇ ಒದ್ದೆ ಸೀರೆ ಹರವುತ್ತಾರೆ. ಮಂತ್ರಿಗಳ ದನಿ ಗೊರಗೊರ.

"ತೆಗಿಯೇ ಅದ್ನ, ಸುದ್ದಿಯೆಲ್ಲ ನೆನೀತದೆ!"

"ನೀವೇ ಏರಿಯಲ್ ಹಿಡ್ಕೊಂಡು ನಿಂತ್ಕೊಳಿ. ಬೇರೇನು ಕೆಲ್ಸ ನಿಮ್ಗೆ?"

ವಿಜ್ಞಾನವೂ ಅಜ್ಜಿಯ ಕಡೆಗೇ. ಮನುಷ್ಯನ ಮೈ ತಾಗಿದರೆ ಎಷ್ಟೋ ಸಲ ಸ್ಟೇಷನ್ ತಿಳಿಯಾಗುತ್ತದೆ. ಅಜ್ಜ ಕೃಷಿರಂಗವನ್ನು ನಿಂತೇ ಕೇಳಿದರು.