ಪೀತಾಂಬರವುಟ್ಟ ಒಲೆ

ಶಹಾಬಾದದ ಪರಸಿಕಲ್ಲಿನ ಕಟ್ಟೆಯ ಮೇಲೆ ಗೃಹದೇವತೆಯಂತೆ ವಿರಾಜಮಾನವಾಗಿರುವ ನಮ್ಮ ಗ್ಯಾಸ್ ಒಲೆಯು, ಕಳೆದ ಭಾನುವಾರ ತನ್ನ ಸಹಜವಾದ ನೀಲಕಾಂತಿಯನ್ನು ತ್ಯಜಿಸಿ, ಪೀತಾಂಬರವನ್ನುಟ್ಟು, ಬೋಗುಣಿಯ ತಳಕ್ಕೆಲ್ಲ ಕಾಡಿಗೆಯನ್ನು ಬಳಿಯತೊಡಗಿತು. ವಾಡಿಯ ಕಡೆಯಿಂದ ಬೀಸುವ ಗಾಳಿಯೇ ಇದಕ್ಕೆ ಹೇತುವೆಂದು ನಾನು ಗಂಭೀರವಾಗಿ ಪ್ರತಿಪಾದಿಸುತ್ತಿರಲು, ಮನೆಯಾಕೆಯು, "ಗಾಳಿಗ್ಯಾಕ ಬೈತೀರಿ? ನಿನ್ನೆ ನೀವು ರೊಟ್ಟಿ ಬಡಿದ ಹಿಟ್ಟು ನೋಡ್ರಿ" ಎಂದು ಬರ್ನರಿನ ರಂಧ್ರಗಳಲ್ಲಿ ತುಂಬಿದ್ದ ಜೋಳದ ಹಿಟ್ಟನ್ನು ತೋರಿಸಿದಳು.

ರೆಗ್ಯುಲೇಟರನ್ನು ಮುಚ್ಚಿ, ಬರ್ನರು ಆರಿದ ಬಳಿಕ ಸೂಜಿಯಿಂದ ಒಂದೊಂದೇ ರಂಧ್ರವನ್ನು ಬಿಡಿಸಿ, ತೊಳೆದು, ಒಣಗಿಸಿ ಕೂಡಿಸಿದ ನನಗೆ ವಿಜಯೋತ್ಸಾಹವು ಉಕ್ಕುವಷ್ಟರಲ್ಲಿಯೇ ದುರ್ಗಂಧವೊಂದು ಮೂಗಿಗೆ ಅಡರಿತು. ಅಡಿಗೆಯ ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸುವರು. ಗಾಳಿಗಿಂತ ಭಾರವಾದುದರಿಂದ ಅದು ನೆಲದಲ್ಲಿಯೇ ಹೊಂಚುಹಾಕುವುದು. ಈ ಜ್ಞಾನವೆಲ್ಲ ಏಕಕಾಲದಲ್ಲಿ ಜಾಗೃತವಾಗಿ, ನಾನು ಕಿಟಕಿಬಾಗಿಲುಗಳನ್ನು ತೆರೆದೆ, ದೀಪದ ಗುಂಡಿಯನ್ನು ಮುಟ್ಟಬಾರದೆಂದು ಆಜ್ಞಾಪಿಸಿದೆ, 1906 ಎಂಬ ತುರ್ತು ಸಂಖ್ಯೆಯನ್ನು ಮಂತ್ರದಂತೆ ಜಪಿಸಿದೆ, ಕೊಳವೆಗೆ ಸಾಬೂನಿನ ನೀರನ್ನು ಅಭಿಷೇಕಿಸಿದೆ. ಒಂದೇ ಒಂದು ಗುಳ್ಳೆಯೂ ಏಳಲಿಲ್ಲ.

ಅಪರಾಧಿಯು ಕಟ್ಟೆಯ ಕೆಳಗಿದ್ದನು: ಚಿತ್ತಾಪುರದ ಸಂತೆಯಿಂದ ಅಗ್ಗವೆಂದು ನಾನೇ ತಂದು ಮರೆತಿದ್ದ, ಕೊಳೆತ ಉಳ್ಳಾಗಡ್ಡಿ! ಈಗ ನಮ್ಮಲ್ಲಿ ರಾತ್ರಿ ಮಲಗುವ ಮುನ್ನ ರೆಗ್ಯುಲೇಟರನ್ನು ತಪ್ಪದೆ ಮುಚ್ಚುವರು, ಆದರೆ 14.2 ಕಿಲೋ ಅನಿಲಕ್ಕಿಂತಲೂ ಹೆಚ್ಚಿನ ಪಹರೆಯು ನನ್ನ ಸಂತೆಯ ಚೀಲಕ್ಕಿದೆ.