ಸುಲ್ತಾನ್ ಬಜಾರಿನವರ ಕಡಲಯಾನ

1766ರಲ್ಲಿ ನಿಜಾಮನು ಉತ್ತರ ಸರ್ಕಾರಗಳೆಂಬ ಕರಾವಳಿ ಪ್ರಾಂತ್ಯವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಂದಿನಿಂದ ಹೈದರಾಬಾದಿಗೆ ತಗುಲಿದ ಕಡಲಿನ ಕೊರತೆಯನ್ನು ನೀಗಿಸುವ ಭಾರವನ್ನು ಅಲ್ಲಿನ ಸುಲ್ತಾನ್ ಬಜಾರಿನ ಆಸುಪಾಸಿನ ಕನ್ನಡ ಕುಟುಂಬಗಳು ಡಿಸೆಂಬರಿನ ರಜೆಯಲ್ಲಿ ತಮ್ಮ ಹೆಗಲಿಗೆ, ಅಂದರೆ ಕಾರಿನ ಡಿಕ್ಕಿಗೆ, ಏರಿಸಿಕೊಳ್ಳುತ್ತವೆ. ಇವರಲ್ಲಿ ಹಲವರ ಮೂಲ ಕಲಬುರಗಿ, ಬೀದರ್ ಕಡೆಯದಾದ್ದರಿಂದ ಮೀನು ತಿನ್ನಲು ಹೊರಟವರ ಗಂಟಿನಲ್ಲಿಯೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತವೆ.

ಇವರು ಹೋಗುವ ಹೊನ್ನಾವರದ ಕಾಸರಕೋಡು ತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳಕು ಹೆಚ್ಚಿರುವ ದಿಕ್ಕನ್ನೇ ಕಡಲೆಂದು ನಂಬಿ ಮರಿಗಳು ಸಾಗುವುದರಿಂದ ಅಲ್ಲಿ ದೀಪ ಬೆಳಗಕೂಡದು, ಹೀಗಾಗಿ ಗಂಟೆಗಟ್ಟಲೆ ಚೌಕಾಸಿ ನಡೆಸಿ ಕೊಂಡ ಟಾರ್ಚುಗಳು ಕತ್ತಲಲ್ಲಿ ಹುಡುಕುವುದಕ್ಕೇ ಒಂದು ವಸ್ತುವಾಗಿ ಉಳಿಯುತ್ತವೆ. ಜೊತೆಗೆ ತಂದ ಡೇರೆಯನ್ನು ಆಮೆಗಳಿಗೆ ಅಡ್ಡಿಯಾಗದಂತೆ ದೂರದ ಹಿತ್ತಲೊಂದರಲ್ಲಿ ಹೂಡುವುದು ಯೋಗ್ಯ. ಅದರ ಕಡ್ಡಿಗಳನ್ನು ಜೋಡಿಸುವ ಕ್ರಮದ ಬಗ್ಗೆ ಅಳಿಯ ಮಾವಂದಿರಲ್ಲಿ ಒಮ್ಮತ ಮೂಡುವ ಹೊತ್ತಿಗೆ ಮಿಕ್ಕವರು ಕಾರಿನಲ್ಲಿಯೇ ಗೊರಕೆ ಹೊಡೆಯುತ್ತಿರುತ್ತಾರೆ.

ಕುಮಟಾ ಬಳಿಯ ಅಘನಾಶಿನಿಯ ಅಳಿವೆ, ಅಂದರೆ ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿಗೆ ಬೆರೆಯುವ ಎಡೆ, 2024ರಲ್ಲಿ ರಾಮ್ಸಾರ್ ತಾಣವೆಂಬ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ, ಮನ್ನಣೆ ಪಡೆಯಿತು. ಅಲ್ಲಿನ ಬಳಚು, ಅಂದರೆ ಕೆಸರಿನಲ್ಲಿ ಬೆಳೆಯುವ ಜೋಡಿಚಿಪ್ಪಿನ ಜೀವಿ, ಸಾರಿಗೆ ಬಲು ರುಚಿ. ಆದರೆ ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ, ಕೊಡದಿದ್ದರೆ ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆಯಬೇಕೆಂಬ ಸುಲ್ತಾನ್ ಬಜಾರಿನ ಸೂತ್ರವು ಕರಾವಳಿಯ ಮೀನುಪೇಟೆಯಲ್ಲಿ ನಡೆಯದು: ಮೀನು ಮಾರುವಾಕೆ ಹಿಂದಕ್ಕೆ ಕರೆಯುವುದಿಲ್ಲ, ಹನ್ನೊಂದನೆಯ ಹೆಜ್ಜೆಗೆ ಬಂಗುಡೆ ಮುಂದಿನ ಗಿರಾಕಿಯ ಚೀಲ ಸೇರಿರುತ್ತದೆ.