ಯಾರೋ ಬಳಸಿದ್ದಂತೆ!

ಕಾಪುವಿನ ಹೊಸ ಮಾರಿಗುಡಿ ಎಷ್ಟು ಹೊಸದು ಎಂದು ಕಾಪುವಿನಲ್ಲಿ ಯಾರೂ ಕೇಳುವುದಿಲ್ಲ. ಹಳೇ ಮಾರಿಗುಡಿ ಒಂದು ಉಂಟು, ಹೊಸ ಮಾರಿಗುಡಿ ಒಂದು ಉಂಟು, ಎರಡೂ ಸಾಲದೆಂಬಂತೆ ಮೂರನೇ ಮಾರಿಗುಡಿಯೂ ಉಂಟು. ಆ ಹೊಸದನ್ನೇ ಇಳಕಲ್ಲಿನ ಕೆಂಪು ಕಲ್ಲು ತರಿಸಿ ಮತ್ತೊಮ್ಮೆ ಹೊಸದು ಮಾಡಿ 2025ರಲ್ಲಿ ಬ್ರಹ್ಮಕಲಶ ಮಾಡಿದರು. ಊರಿಗೆ ಊರೇ ಹೊರೆಕಾಣಿಕೆ ಹೊತ್ತು ಹೋಯಿತು. ಇತ್ತ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ. ಯಾರಿಗೋ ಬೇಡವಾದ ಮನೆಗಳನ್ನು ಕಂಬ, ಜಂತಿ, ಬಾಗಿಲು ಸಮೇತ ಬಿಚ್ಚಿ ತಂದು ಅಲ್ಲಿ ಮರಳಿ ಜೋಡಿಸಿದ್ದು. ಟಿಕೆಟು ತೆಗೆದು ಒಳಗೆ ಹೋಗಿ “ಎಂಥ ಮರ ಮಾರಾಯ್ರೆ!” ಎಂದು ಕಂಬ ಸವರುವವರು ನಾವೇ.

ಅದೇ ನಾವು ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದೆವೋ, ಜೀರ್ಣೋದ್ಧಾರದ ಭಕ್ತಿಯೆಲ್ಲ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ. “ರಿಫರ್ಬಿಷ್ಡಾ? ಛೆ, ಯಾರೋ ಬಳಸಿದ್ದಂತೆ!”

ಯಾರೋ ಅಂದರೆ ಯಾರು? ಬಹುಮಟ್ಟಿಗೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಹುಡುಕಿದರೆ ಅವನ ಮೂಲವೂ ಕಾರ್ಕಳವೇ ಇದ್ದೀತು. ಕಂಪನಿಗಳು ಲ್ಯಾಪ್‌ಟಾಪುಗಳನ್ನು ಮೂರು-ನಾಲ್ಕು ವರ್ಷ ಬಳಸಿ, ಲೀಸು ಮುಗಿದ ಕೂಡಲೇ ಲಾಟುಗಟ್ಟಲೆ ಹೊರಗೆ ಹಾಕುತ್ತವೆ. ಅವು ಎಸ್.ಪಿ. ರೋಡಿನಲ್ಲಿ ಧೂಳು ಕೊಡವಿಸಿಕೊಂಡು, ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡು, ಘಟ್ಟ ಇಳಿದು ಬರುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಜಾತಿಯವು; ಮೈಬಣ್ಣ ಕಪ್ಪು, ಅಲಂಕಾರ ಶೂನ್ಯ. ಎಸಿ ಕೋಣೆಯಲ್ಲಿ ಕುಳಿತು ಎಕ್ಸೆಲ್ ಮತ್ತು ಮೀಟಿಂಗು ಬಿಟ್ಟರೆ ಬೇರೆ ಕಷ್ಟ ಕಂಡವಲ್ಲ. ಕೀಬೋರ್ಡಿನಲ್ಲಿ ಕಂಟ್ರೋಲ್, ಸಿ, ವಿ ಈ ಮೂರೇ ಕೀ ಸವೆದು ಹೊಳೆಯುತ್ತಿದ್ದರೆ ಹಿಂದಿನವನ ಕೆಲಸ ಎಂತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕುಟುಂಬದಲ್ಲಿ ಕಂಪ್ಯೂಟರ್ ವಿಷಯಕ್ಕೆ ಇಬ್ಬರನ್ನು ಕೇಳುವ ಕ್ರಮ: ದುಬೈಯಲ್ಲಿರುವ ಬಾವನನ್ನು ಮತ್ತು ನನ್ನನ್ನು. ಯಾವುದು ಕೊಳ್ಳಬೇಕೆಂದು ಬಾವನನ್ನು ಕೇಳುತ್ತಾರೆ. ಕೊಂಡದ್ದು ಯಾಕೆ ನಿಧಾನ ಎಂದು ನನ್ನನ್ನು ಕೇಳುತ್ತಾರೆ. ಈ ಸಲ ಅಕ್ಕನ ಮಗ ಕ್ರಮ ತಪ್ಪಿಸಿ ಮೊದಲೇ ಬಂದ.

“ಮಾಮ, ಒಂದು ಲ್ಯಾಪ್‌ಟಾಪ್ ಬೇಕಿತ್ತು.”

“ಎಂತ ಕೆಲಸಕ್ಕೆ?”

“ಕ್ರಿಯೇಟಿವ್ ಕೆಲಸಕ್ಕೆ.”

“ಅಂದರೆ?”

“ಮದುವೆ.”

ಅವನದ್ದಲ್ಲ, ಊರವರದ್ದು. ಕಾಪುವಿನ ದೀಪಸ್ತಂಭವನ್ನು 1901ರಲ್ಲಿ ಕಟ್ಟಿದ್ದು ಹಡಗುಗಳಿಗೆ ದಾರಿ ತೋರಿಸಲಿಕ್ಕೆ. ಈಗ ಭಾನುವಾರ ಸಂಜೆ ಅದರ ಬುಡದ ಬಂಡೆಯ ಮೇಲೆ ಪ್ರೀ-ವೆಡ್ಡಿಂಗ್ ಜೋಡಿಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ಯಾರಾದರೂ ದಾರಿ ತೋರಿಸಬೇಕು. ಅಳಿಯನ ಸಂಪಾದನೆ ಅಲ್ಲಿಯದು. ಕ್ಯಾಮೆರಾಕ್ಕೆ ಸಾಲ ಮಾಡಿಯಾಗಿದೆ, ಡ್ರೋನಿಗೆ ಕಂತು ನಡೆಯುತ್ತಿದೆ. ಕಂಪ್ಯೂಟರಿಗೆ ಮಾತ್ರ “ಎಷ್ಟು ಕಡಿಮೆಯಲ್ಲಿ ಆಗ್ತದೆ?” ಎಂಬ ಪ್ರಶ್ನೆ.

ಇಲ್ಲಿ ನಾನು ರಿಫರ್ಬಿಷ್ಡ್ ಪಕ್ಷದ ವಕೀಲಿಕೆಯನ್ನು ಸ್ವಲ್ಪ ಕೆಳಗಿಡಬೇಕಾಯಿತು. ಅವನ ಕ್ಯಾಮೆರಾ ಬರೆಯುವುದು 4ಕೆ, 10-ಬಿಟ್, 4:2:2 ಎಚ್‌ಇವಿಸಿ. ಇಷ್ಟು ಬಿಗಿಯಾಗಿ ಮಡಚಿದ ವಿಡಿಯೋವನ್ನು ಸಲೀಸಾಗಿ ಬಿಚ್ಚಬೇಕಾದರೆ ಅದಕ್ಕೆಂದೇ ಮಾಡಿದ ಸರ್ಕ್ಯೂಟು ಚಿಪ್ಪಿನೊಳಗೆ ಇರಬೇಕು. ಅಂಗಡಿಯಲ್ಲಿ ಧಾರಾಳವಾಗಿ ಸಿಗುವ ಎಂಟನೇ ಜನರೇಷನ್ ಇಂಟೆಲ್‌ನಲ್ಲಿ ಅದಿಲ್ಲ, ಹನ್ನೊಂದನೆಯದರಲ್ಲಿ ಉಂಟು. ಆಪಲ್ 2020ರ ನವೆಂಬರಿನಲ್ಲಿ ತಂದ ಎಂ1ನಲ್ಲೂ ಉಂಟು. ಇಲ್ಲದ ಯಂತ್ರಕ್ಕೆ ಆ ವಿಡಿಯೋ ಹಾಕಿದರೆ ಹೋಮದ ಹೊಗೆ ತೆವಳುತ್ತದೆ, ತಾಳಿ ಕಟ್ಟುವ ಕೈ ಅರ್ಧದಲ್ಲೇ ನಿಂತು ಯೋಚಿಸುತ್ತದೆ, ವಾಲಗ ಮಾತ್ರ ಯಾರಿಗೂ ಕಾಯದೆ ಊಟದ ಪಂಕ್ತಿ ತಲುಪಿರುತ್ತದೆ. ಔಷಧ ಇಲ್ಲವೆಂದಲ್ಲ. ಪ್ರತಿ ವಿಡಿಯೋಕ್ಕೂ ಸಣ್ಣ ಗಾತ್ರದ ಪ್ರಾಕ್ಸಿ ಮಾಡಿಟ್ಟು ಅದರಲ್ಲೇ ಎಡಿಟ್ ಮಾಡಬಹುದು. ಆದರೆ ಸೀಸನ್ನಿನಲ್ಲಿ ದಿನಕ್ಕೊಂದು ಮದುವೆ ಹಿಡಿಯುವವನಿಗೆ ಪ್ರಾಕ್ಸಿ ಮಾಡಿಕೊಂಡು ಕೂರುವಷ್ಟು ರಾತ್ರಿ ಎಲ್ಲಿಂದ ಬರಬೇಕು?

“ಹಾಗಾದರೆ ಮಣಿಪಾಲದಲ್ಲಿ ನೋಡ್ತೇನೆ” ಅಂದ. ಮೇ ತಿಂಗಳು ಬಂತೆಂದರೆ ಅಲ್ಲಿ ಕೋರ್ಸು ಮುಗಿಸಿದ ಹುಡುಗರು ಕೂಲರು, ಹಾಸಿಗೆ, ಬೈಕು, ಗೇಮಿಂಗ್ ಲ್ಯಾಪ್‌ಟಾಪು ಎಲ್ಲ ಮಾರಿ ಹಗುರಾಗಿ ಊರಿಗೆ ಹೋಗುತ್ತಾರೆ. ಗೇಮಿಂಗ್ ಲ್ಯಾಪ್‌ಟಾಪಿಗೆ ಕೀಬೋರ್ಡಿನಡಿ ಬಣ್ಣಬಣ್ಣದ ಬೆಳಕು. ಅಷ್ಟಮಿಯ ಹುಲಿವೇಷಕ್ಕೂ ಅಷ್ಟು ಬಣ್ಣ ಬಳಿಯುವುದಿಲ್ಲ. ಆದರೆ ಅದರ ಎನ್‌ವಿಡಿಯಾ ಕಾರ್ಡು, 2025ರಲ್ಲಿ 50ರ ಸರಣಿ ಬರುವವರೆಗೂ, ಇದೇ 4:2:2 ವಿಡಿಯೋದ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತು. ಪಕ್ಕದಲ್ಲಿ ಇಂಟೆಲ್‌ನ ಹೊಸ ಗ್ರಾಫಿಕ್ಸ್ ಇದ್ದರೆ ಬದುಕಿದ. ಇಲ್ಲದಿದ್ದರೆ ನಾಲ್ಕು ವರ್ಷ ಹಾಸ್ಟೆಲಿನಲ್ಲಿ ರಾತ್ರಿಯಿಡೀ ಬೆಂದ ಫ್ಯಾನಿನ ಗುಂಯ್‌ಗುಟ್ಟುವಿಕೆ ಮಾತ್ರ ಲಾಭ. ಕಚೇರಿಯಿಂದ ಬಂದ ಯಂತ್ರ ಎಂಟು ಗಂಟೆ ದುಡಿದದ್ದು, ಹಾಸ್ಟೆಲಿನಿಂದ ಬಂದದ್ದು ಹದಿನಾರು ಗಂಟೆ ಯುದ್ಧ ಮಾಡಿದ್ದು. ನನ್ನ ಓಟು ಕಚೇರಿಯದಕ್ಕೆ.

ಅಲ್ಲಿಂದ ಮಾತು ಬಣ್ಣಕ್ಕೆ ಬಂತು. ಇದನ್ನು ಅಂಗಡಿಯವರು ಹೇಳುವುದೂ ಇಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ಕಚೇರಿ ಲ್ಯಾಪ್‌ಟಾಪುಗಳ ಪರದೆ ಎಷ್ಟೋ ಸಲ 45 ಶೇಕಡಾ ಎನ್‌ಟಿಎಸ್‌ಸಿ ದರ್ಜೆಯದು. ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ವ್ಯಾಪ್ತಿ ಪೂರ್ತಿ ಕಾಣಬೇಕಾದರೆ 72 ಶೇಕಡಾ ಬೇಕು. ಕಡಿಮೆ ವೆಚ್ಚದ ಹೊಚ್ಚ ಹೊಸ ಲ್ಯಾಪ್‌ಟಾಪುಗಳದ್ದೂ ಇದೇ ಕತೆ. ಪ್ಲಾಸ್ಟಿಕ್ ಕವರು ಹರಿಯುವ ಸುಖ ಒಂದು ಹೆಚ್ಚು, ಅಷ್ಟೆ. ಇಂಥ ಪರದೆಯಲ್ಲಿ ಧಾರೆ ಸೀರೆಯ ಕೆಂಪು ಸಪ್ಪೆ ಕಾಣುತ್ತದೆ. ಸಪ್ಪೆ ಕಂಡದ್ದಕ್ಕೆ ಹುಡುಗ ಉಪ್ಪು-ಖಾರ ಸೇರಿಸುತ್ತಾನೆ. ಕರಿಜ್ಮಾ ಆಲ್ಬಮ್ ಲ್ಯಾಬಿನಿಂದ ಮುದ್ರಣವಾಗಿ ಬಂದಾಗ ಮದುಮಗಳ ಅಮ್ಮ ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: “ಇದು ಯಾರ ಸೀರೆ?” ತಲೆ ತುಂಬ ಮುಡಿಸಿದ ಶಂಕರಪುರ ಮಲ್ಲಿಗೆ ನೀಲಿ ತಿರುಗಿದ್ದರಂತೂ ಮುಗಿಯಿತು. ಮದುವೆ ಸೀಸನ್ನಿನಲ್ಲಿ ಒಂದು ಅಟ್ಟೆ ಹೂವಿಗೆ ಎಷ್ಟು ಕೊಟ್ಟಿದ್ದೇವೆಂಬ ಲೆಕ್ಕ ಅವರಿಗೆ ಬಾಯಿಪಾಠ. ಆ ರೇಟಿಗೆ ಮಲ್ಲಿಗೆ ಬಿಳಿಯೇ ಇರಬೇಕು.

ಹಾಗಾಗಿ ನನ್ನ ತೀರ್ಪು ಕೇಳುವುದಾದರೆ, ಲ್ಯಾಪ್‌ಟಾಪು ಹಳೆಯದಿರಲಿ, ಹೊಸದಿರಲಿ, ಹೊರಗಿನ ಮಾನಿಟರು ಒಂದು ಹೊಸದೇ ಇರಲಿ. ಬರೀ ಫೋಟೊ, ಆಲ್ಬಮ್ ಡಿಸೈನ್, ಯಕ್ಷಗಾನದ ಸಾದಾ ಎಚ್‌ಡಿ ವಿಡಿಯೋ ಇಷ್ಟೇ ಆದರೆ 16 ಜಿಬಿ ರ‍್ಯಾಮಿನ ರಿಫರ್ಬಿಷ್ಡ್ ಧಾರಾಳ ಸಾಕು. ಉಳಿದ ದುಡ್ಡಿನಲ್ಲಿ ಮಾನಿಟರು ಬರುತ್ತದೆ, ಎರಡು ಬ್ಯಾಕಪ್ ಡಿಸ್ಕೂ ಬರುತ್ತವೆ. ಮದುವೆಯ ವಿಡಿಯೋ ಕಳೆದುಕೊಂಡವನಿಗೆ ಆ ಜೋಡಿಯನ್ನು ಮತ್ತೆ ಮದುವೆ ಮಾಡಿಸುವ ಸೌಲಭ್ಯ ಇಲ್ಲವಲ್ಲ.

ಕಾರ್ಕಳದ ಕಡೆಗೆ ಹೋದರೆ ವಾದವೇ ತಲೆಕೆಳಗು. ಅಲ್ಲಿ ನನಗೆ ಪರಿಚಯದ ಒಬ್ಬರು ಡಿಟಿಪಿ ಮಾಡುತ್ತಾರೆ. ನೇಮ, ಬ್ರಹ್ಮಕಲಶ, ಗೃಹಪ್ರವೇಶದ ಆಮಂತ್ರಣ ಪತ್ರಿಕೆ. ಒಂದು ಪತ್ರಿಕೆಯಲ್ಲಿ ಸ್ವಾಗತ ಬಯಸುವವರ ಹೆಸರೇ ಎರಡು ಪುಟ, ಒಂದು ಹೆಸರು ಬಿಟ್ಟುಹೋದರೆ ಆ ಮನೆಯಿಂದ ಕಾಣಿಕೆ ಇಲ್ಲ. ಇವರ ಸಕಲ ಸೃಜನಶೀಲತೆ ನಡೆಯುವುದು ಪೇಜ್‌ಮೇಕರ್ 7ರಲ್ಲಿ. ಅಡೋಬಿ ಅದನ್ನು ತಂದದ್ದು 2001ರಲ್ಲಿ. ಆಮೇಲೆ ಎಂಟನೆಯದು ಹುಟ್ಟಲೇ ಇಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟು, ಮಣಿಪಾಲದಲ್ಲಿ ನೆಲೆಸಿದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ, ಬೆರಳಿಗೆ ಕಣ್ಣು ಬಂದಷ್ಟು ವೇಗ. “ಹೊಸ ಕಂಪ್ಯೂಟರ್ ತೆಗೊಳ್ಳಿ” ಅಂದರೆ ನಗುತ್ತಾರೆ: “ಹೊಸತರಲ್ಲಿ ನನ್ನ ಫೈಲು ತೆರೆದರೆ ಸ್ವಾಮಿಗಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಯಕ್ಷಗಾನ ಕುಣಿಯುತ್ತವೆ. ನಿಮಗೆ ಬೇಕಾ ಈ ಪಾಪ?” ಯುನಿಕೋಡಿಗೆ ಹೋಗಿ ಎಂದು ಉಪದೇಶ ಮಾಡಬಹುದು, ಮಾಡಿದ್ದೇನೆ ಕೂಡ. ಅವರು ಚಾ ತರಿಸಿಕೊಟ್ಟರು. ಅವರ ಮೇಜಿನ ಮೇಲಿರುವುದು ರಿಫರ್ಬಿಷ್ಡ್ ಅಲ್ಲ, ಪುರಾತತ್ತ್ವ. ಇಂಟರ್ನೆಟ್ಟಿನ ತಂತಿ ಕಿತ್ತಿಟ್ಟು ಬಳಸುತ್ತಾರೆಂಬುದೊಂದು ಸಮಾಧಾನ.

ಇಂಟರ್ನೆಟ್ಟಿಗೆ ಹಚ್ಚುವವರಿಗೆ ಆ ಸಮಾಧಾನ ಇಲ್ಲ. ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಜನರೇಷನ್ ಅಥವಾ ಮುಂದಿನದೇ ಬೇಕು. ಅಂಗಡಿಯಲ್ಲಿ “ಐ7 ಉಂಟು ಸರ್, ಐ7!” ಎಂದು ಜೋರಾಗಿ ಹೇಳಿ ಜನರೇಷನ್ನನ್ನು ಬಾಯೊಳಗೇ ನುಂಗಿದರೆ ಎದ್ದು ಬನ್ನಿ. ಮ್ಯಾಕ್ ಆದರೆ ಅಲ್ಲೇ ವೈಫೈ ಹಾಕಿಸಿ ಮೊದಲಿನಿಂದ ಶುರು ಮಾಡಿಸಬೇಕು. ಹಿಂದಿನ ಕಂಪನಿಯ ಹೆಸರು ಪರದೆಯಲ್ಲಿ ಮೂಡಿತೋ, ಆ ಯಂತ್ರ ಇನ್ನೂ ತವರುಮನೆಯ ಹಿಡಿತದಲ್ಲೇ ಉಂಟು ಎಂದರ್ಥ. ಬ್ಯಾಟರಿಯ ಜಾತಕವನ್ನು ವಿಂಡೋಸ್ ತಾನೇ ಬರೆದುಕೊಡುತ್ತದೆ: ಕಾರ್ಖಾನೆ ಬಿಡುವಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು. ಕೇಳಿದರೆ ಅಂಗಡಿಯ ಹುಡುಗನ ಮುಖ ಸಣ್ಣದಾಗುತ್ತದೆ, ಕೇಳಬೇಕು. ರ‍್ಯಾಮ್ ಆಮೇಲೆ ಹಾಕಿಸುತ್ತೇನೆ ಎಂಬ ಧೈರ್ಯವೂ ಈಗ ಬೇಡ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ 2025ರ ಕೊನೆಗೆ ಅದರ ಬೆಲೆ ಮೇಲೆ ಹೋಯಿತು. ಬೆಸುಗೆ ಹಾಕಿಯೇ ಬಂದ ತೆಳ್ಳಗಿನ ಯಂತ್ರಗಳಲ್ಲಿ ಆಮೇಲೆ ಹಾಕಿಸುವ ಮಾತೇ ಇಲ್ಲ.

ಮತ್ತೊಂದು ಖರ್ಚು ನಮ್ಮ ಕರಾವಳಿಯವರಿಗೇ ಮೀಸಲು. ಏಪ್ರಿಲ್-ಮೇ, ಮತ್ತೆ ಅಕ್ಟೋಬರು: ಮಧ್ಯಾಹ್ನ ಬಿಸಿಲು, ಸಂಜೆ ಸಿಡಿಲು. ಸಿಡಿಲಿಗೆ ಹೊಸದು ಹಳೆಯದೆಂಬ ಭೇದ ಇಲ್ಲ. ಯುಪಿಎಸ್ ಬೇಕು; ಗುಡುಗಿದ ಕೂಡಲೇ ಪ್ಲಗ್ಗು ಕೀಳುವ ಅಮ್ಮನೂ ಬೇಕು. ಇಬ್ಬರಲ್ಲಿ ಅಮ್ಮ ಹೆಚ್ಚು ನಂಬಿಕೆಗೆ ಅರ್ಹಳು.

ಕೊನೆಗೆ ಅಳಿಯ ರಿಫರ್ಬಿಷ್ಡ್ ಎಂ1 ಒಂದನ್ನು ಗೊತ್ತು ಮಾಡಿದ. 16 ಜಿಬಿಯದು. ಜೊತೆಗೆ ಹೊಸ ಮಾನಿಟರು, ಡಿಸ್ಕು, ಯುಪಿಎಸ್. ದುಡ್ಡು ಎಣಿಸುವಾಗ ತಡೆದು ನಿಂತ.

“ಮಾಮ, ನಿಮ್ಮ ದುಬೈ ಬಾವ ರಜೆಯಲ್ಲಿ ಬರ್ತಾರಲ್ಲ. ಯಾರೋ ಬಳಸಿದ್ದಾ ಅಂತ ಕೇಳಿದರೆ?”

“ಅವರು ಕಳೆದ ಸಲ ನಿನಗೆ ತಂದುಕೊಟ್ಟ ಐಫೋನ್ ಯಾರದ್ದು?”

“ಅವರದ್ದೇ. ಹಳೆಯದು.”

“ಅದನ್ನು ಕಾಪು ಪೇಟೆಯಲ್ಲಿ ಎಷ್ಟು ಜನಕ್ಕೆ ತೋರಿಸಿದೆ?”

ಹುಡುಗ ಉತ್ತರ ಹೇಳಲಿಲ್ಲ, ನೋಟು ಎಣಿಸುವುದನ್ನು ಮುಂದುವರಿಸಿದ.